ಅಡಿಕೆ ಮರ ಹತ್ತುವವನ ಹೆಗಲು ತಪ್ಪಿದಾಗ: ಆಪರೇಷನ್ ಇಲ್ಲದ ಚಿಕಿತ್ಸೆಯ ಒಂದು ಪ್ರಕರಣ

ಈ ಬರಹದ ರೋಗಿಯನ್ನು ರಾಜೇಶ ಎಂದು ಕರೆಯುತ್ತೇನೆ. ಅದು ಅವನ ಹೆಸರಲ್ಲ. ಊರನ್ನೂ ಮನೆಯ ವಿವರಗಳನ್ನೂ ಗುರುತು ಸಿಗದಷ್ಟು ಬದಲಿಸಿದ್ದೇನೆ. ಗಾಯ, ಚಿಕಿತ್ಸೆಯ ಕ್ರಮ, ಯಾವ ಹಂತದಲ್ಲಿ ಯಾರು ಏನು ತೀರ್ಮಾನಿಸಿದರು ಎಂಬುದು ಮಾತ್ರ ಇದ್ದ ಹಾಗೆಯೇ ಇದೆ. ಬರೆಯಲು ಅವನ ಒಪ್ಪಿಗೆ ಕೇಳಿದಾಗ, "ಬರೀರಿ ಡಾಕ್ಟ್ರೇ, ಹೆಸರು ಮಾತ್ರ ಹಾಕ್ಬೇಡಿ, ಕಬಡ್ಡಿ ಟೀಮಿನವರು ತಮಾಷೆ ಮಾಡ್ತಾರೆ" ಅಂದ. ನಾನು ಫಿಸಿಯೋಥೆರಪಿಸ್ಟ್. ನಮ್ಮ ಕಡೆ ಕೈಕಾಲು ನೋಡುವವರೆಲ್ಲ ಡಾಕ್ಟ್ರೇ.

ಹಿನ್ನೆಲೆ

ರಾಜೇಶನಿಗೆ 32 ವರ್ಷ. ಕಾಸರಗೋಡು ಜಿಲ್ಲೆಯ ಪೂರ್ವದಲ್ಲಿ, ಕರ್ನಾಟಕದ ಗಡಿಗೆ ಹತ್ತಿರದ ಹಳ್ಳಿ. ಮನೆಮಾತು ತುಳು, ಕಲಿತದ್ದು ಕನ್ನಡ ಶಾಲೆಯಲ್ಲಿ, ಪೇಟೆಯಲ್ಲಿ ಮಲಯಾಳ ನಿರರ್ಗಳ. ಆದರೆ ಮಲಯಾಳ ಓದಲು ಬರುವುದಿಲ್ಲ. ಇದು ಇಲ್ಲಿ ತೀರ ಸಾಮಾನ್ಯ. ಮುಂದೆ ಇದರಿಂದಲೇ ಒಂದು ತೊಡಕಾಗುವುದರಿಂದ ಈಗಲೇ ಹೇಳಿಟ್ಟೆ.

ಕೆಲಸ ಅಡಿಕೆ ಮರ ಹತ್ತುವುದು. ಮಳೆ ಹಿಡಿಯುವ ಹೊತ್ತಿಗೆ ಕೊಳೆರೋಗಕ್ಕೆ ಮದ್ದು ಬಿಡುವುದು, ಒಂದೂವರೆ ತಿಂಗಳು ಕಳೆದು ಇನ್ನೊಂದು ಸುತ್ತು, ಮಳೆ ನಿಂತ ಮೇಲೆ ಕೊಯ್ಲು. ಹಿಡಿತಕ್ಕೆಂದು ಪಾದಗಳಿಗೆ ತೊಡುವ ಬಳೆ, ಅಂದರೆ ತಳೆ, ಹಾಕಿಕೊಂಡು ಒಂದು ಮರ ಹತ್ತಿದರೆ ಕೆಳಗಿಳಿಯದೆ ತುದಿಯಿಂದ ತುದಿಗೆ ನಾಲ್ಕಾರು ಮರ ಹಾಯುವವರ ಪೈಕಿ. ಪಕ್ಕದ ಮರವನ್ನು ಕೈಚಾಚಿ ಎಳೆದುಕೊಂಡು, ಮೈಭಾರವನ್ನು ಅದಕ್ಕೆ ದಾಟಿಸುವ ಆ ಗಳಿಗೆಯಲ್ಲಿ ಒಂದು ಕೈ ತಲೆಯಿಂದ ಮೇಲೆ, ಮೈಯಿಂದ ಹೊರಗೆ ಇರುತ್ತದೆ. ಹೆಗಲಿನ ಕೀಲಿಗೆ ಅದಕ್ಕಿಂತ ಅಪಾಯದ ಭಂಗಿ ಬೇರೆ ಇಲ್ಲ. ಇದರ ಜೊತೆಗೆ ಭಾನುವಾರದ ಕಬಡ್ಡಿ.

ಮೈಯ ದೊಡ್ಡ ಕೀಲುಗಳಲ್ಲಿ ಅತಿ ಹೆಚ್ಚು ತಪ್ಪುವುದು ಹೆಗಲು. ತೋಳಿನ ಮೂಳೆಯ ಗುಂಡು ದೊಡ್ಡದು, ಅದು ಕೂರುವ ಬಟ್ಟಲು ಸಣ್ಣದು, ಆಳವೂ ಇಲ್ಲ. ಕಾಫಿ ಲೋಟದ ತಟ್ಟೆಯ ಮೇಲೆ ತೆಂಗಿನಕಾಯಿ ಕೂರಿಸಿದ ಹಾಗೆ. ಬಟ್ಟಲಿನ ಅಂಚಿಗೆ ಸುತ್ತಲೂ ಅಂಟಿಕೊಂಡಿರುವ ಮೃದ್ವಸ್ಥಿಯ ಬಳೆ, ಅದರ ಹೊರಗಿನ ಚೀಲ, ಸುತ್ತಲಿನ ನಾಲ್ಕು ಸಣ್ಣ ಸ್ನಾಯುಗಳು ಸೇರಿ ಗುಂಡನ್ನು ಜಾಗದಲ್ಲಿ ಹಿಡಿದಿಡುತ್ತವೆ. ಈ ನಾಲ್ಕು ಸ್ನಾಯುಗಳ ಗುಂಪಿಗೇ ರೊಟೇಟರ್ ಕಫ್ ಎನ್ನುವುದು. ತಪ್ಪಿದ ಹೆಗಲುಗಳಲ್ಲಿ ನೂರಕ್ಕೆ 95ರಷ್ಟು ಮುಂದಕ್ಕೆ ಜಾರಿದವು. ಹಿಂದಕ್ಕೆ ಜಾರುವುದು ಅಪರೂಪ. ಫಿಟ್ಸ್ ಬಂದವರಲ್ಲಿ, ಕರೆಂಟ್ ಶಾಕ್ ಹೊಡೆದವರಲ್ಲಿ ಅದನ್ನು ಹುಡುಕಿಯೇ ನೋಡಬೇಕು, ಇಲ್ಲವಾದರೆ ಎಕ್ಸ್‌ರೇಯಲ್ಲೂ ಕಣ್ತಪ್ಪುತ್ತದೆ.

ಬಿದ್ದ ದಿನ

ಜೂನ್ ತಿಂಗಳು, ಮೊದಲ ಮದ್ದು. ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಸೋಗೆಯಿಂದ ಇಳಿದು ಮರದ ಮೈಯೆಲ್ಲ ಜಾರುತ್ತಿತ್ತು. ಇಳಿಯುವಾಗ ತಳೆ ಜಾರಿತು. ಮರವನ್ನು ತಬ್ಬಿದ್ದ ಬಲಗೈ ಬಿಡಲಿಲ್ಲ. ಮೈಭಾರವೆಲ್ಲ ಆ ಕೈಗೆ ಬಿದ್ದು, ತೋಳು ಮೇಲಕ್ಕೂ ಹಿಂದಕ್ಕೂ ತಿರುಚಿಕೊಂಡಿತು. ಆಮೇಲೆ ಕೈಬಿಟ್ಟ, ಆಳೆತ್ತರದಿಂದ ನೆಲಕ್ಕೆ ಬಿದ್ದ.

ನೋಡಿದವರು ಹೇಳಿದ ಪ್ರಕಾರ ಹೆಗಲಿನ ದುಂಡು ಹೋಗಿ ಮೂಲೆ ಎದ್ದು ಕಾಣುತ್ತಿತ್ತು. ಕೈ ಮೈಯಿಂದ ಗೇಣು ದೂರ ನಿಂತಿತ್ತು, ಒಳಕ್ಕೆ ತರಲು ಬರುತ್ತಿರಲಿಲ್ಲ. ಬಲಗೈಯಲ್ಲಿ ಎಡ ಹೆಗಲನ್ನು ಮುಟ್ಟು ಅಂದರೆ ಆಗಲಿಲ್ಲ. ಮುಂದಕ್ಕೆ ತಪ್ಪಿದ ಹೆಗಲಿನ ಲಕ್ಷಣ ಇದಕ್ಕಿಂತ ಸ್ಪಷ್ಟವಾಗಿ ಇರಲಿಕ್ಕಿಲ್ಲ.

ಮೊದಲ ತೀರ್ಮಾನ ತೋಟದಲ್ಲೇ ಆಗಬೇಕಾಯಿತು. ಜೊತೆಗಿದ್ದವರಲ್ಲಿ ಒಬ್ಬ ಹಿಂದೆ ಯಾರದ್ದೋ ಕೈಯನ್ನು ಕಂಕುಳಿಗೆ ಹಿಮ್ಮಡಿ ಕೊಟ್ಟು ಎಳೆದು ಕೂರಿಸಿದವನಂತೆ. "ಈಗ ಎಳೆದ್ರೆ ಎರಡು ನಿಮಿಷದ ಕೆಲಸ, ತಡ ಮಾಡಿದ್ರೆ ಗಟ್ಟಿಯಾಗ್ತದೆ" ಅಂದ. ಅವನ ಮಾತಿನಲ್ಲಿ ಅರ್ಧ ನಿಜ ಇದೆ: ಹೊತ್ತು ಹೋದ ಹಾಗೆ ಸ್ನಾಯುಗಳು ಬಿಗಿದುಕೊಂಡು ಕೂರಿಸುವುದು ಕಷ್ಟವಾಗುತ್ತದೆ. ಹಿಮ್ಮಡಿ ಕೊಟ್ಟು ಎಳೆಯುವುದು ಗ್ರೀಸಿನ ಹಿಪ್ಪೊಕ್ರೇಟಿಸನ ಹೆಸರಿನಲ್ಲಿ ಸಾವಿರಾರು ವರ್ಷ ನಡೆದು ಬಂದ ಪದ್ಧತಿಯೂ ಹೌದು. ಆದರೆ ಕಂಕುಳಿನಲ್ಲಿ ಕೈಯ ರಕ್ತನಾಳವೂ ನರಗಳ ಗೊಂಚಲೂ ಇವೆ, ಹಿಮ್ಮಡಿ ನೇರ ಅವುಗಳ ಮೇಲೆ ಕೂರುತ್ತದೆ. ಗುಂಡಿನ ಪಕ್ಕದ ಮೂಳೆ ಬಿರುಕು ಬಿಟ್ಟಿದ್ದರೆ ಎಳೆದಾಗ ಅದು ಪೂರ್ತಿ ಕಳಚಬಹುದು.

ತೋಟದ ಯಜಮಾನರು ಎಳೆಯಲು ಬಿಡಲಿಲ್ಲ. ಎಪ್ಪತ್ತರ ಹತ್ತಿರದವರು, ವೈದ್ಯಕೀಯದ ಗಂಧ ಇಲ್ಲ. ಅವರು ಮಾಡಿದ್ದು ಇಷ್ಟು: ಕೈ ಹೇಗೆ ನಿಂತಿತ್ತೋ ಹಾಗೆಯೇ ಇರಲಿ ಎಂದು ಕೈಗೂ ಪಕ್ಕೆಗೂ ನಡುವೆ ತಲೆದಿಂಬು ಇಟ್ಟು, ಬೈರಾಸಿನಲ್ಲಿ (ಟವೆಲಿನಲ್ಲಿ) ಮೈಗೆ ಸುತ್ತಿ ಕಟ್ಟಿದರು. ನೀರು, ಚಾ ಏನನ್ನೂ ಕೊಡಲಿಲ್ಲ. ಅರಿವಳಿಕೆ ಕೊಡಬೇಕಾದರೆ ಹೊಟ್ಟೆ ಖಾಲಿ ಇರಬೇಕೆಂದು ಹೆಂಡತಿಯ ಹಳೆಯ ಆಪರೇಷನ್ನಿನಿಂದ ಕಲಿತಿದ್ದರಂತೆ.

ಎಲ್ಲಿಗೆ ಒಯ್ಯುವುದು ಎಂಬುದು ಎರಡನೆಯ ಪ್ರಶ್ನೆ. ನಮ್ಮವರಿಗೆ ದೊಡ್ಡ ಕಾಯಿಲೆ ಅಂದರೆ ಮಂಗಳೂರು. 2020ರಲ್ಲಿ, ಕೊರೋನಾ ಕಾಲದಲ್ಲಿ, ಎರಡು ರಾಜ್ಯಗಳ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಆ ಅಭ್ಯಾಸದ ಬೆಲೆ ಏನೆಂದು ಎಲ್ಲರಿಗೂ ಗೊತ್ತಾಯಿತು, ಆದರೂ ಅಭ್ಯಾಸ ಹೋಗಿಲ್ಲ. ತಪ್ಪಿದ ಹೆಗಲಿಗೆ ದೊಡ್ಡ ಆಸ್ಪತ್ರೆ ಬೇಕಿಲ್ಲ. ಎಕ್ಸ್‌ರೇ ಯಂತ್ರ, ಕೂರಿಸಿ ಅಭ್ಯಾಸವಿರುವ ಡಾಕ್ಟರು, ನೋವು ತಗ್ಗಿಸುವ ಮದ್ದು ಇದ್ದಷ್ಟೂ ಹತ್ತಿರದ ಜಾಗ ಸಾಕು. ಜೀಪಿನವನು ಕಾಸರಗೋಡು ಪೇಟೆಯ ಕಡೆಗೇ ತಿರುಗಿಸಿದ. ಘಟ್ಟದ ಬುಡದ ರಸ್ತೆಯಲ್ಲಿ ಇನ್ನೂ ಎರಡು ತಾಸು ಕುಲುಕಾಡುವುದು ತಪ್ಪಿತು.

ಕೂರಿಸಿದ್ದು

ಆಸ್ಪತ್ರೆಯ ಚೀಟಿಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ಒಂದು ಸಾಲಿದೆ. ಕೈ ಮುಟ್ಟುವ ಮೊದಲೇ ಡ್ಯೂಟಿ ಡಾಕ್ಟರು ತೋಳಿನ ಹೊರಮೈಯಲ್ಲಿ, ಪೊಲೀಸರ ತೋಳಪಟ್ಟಿ ಇರುವ ಜಾಗದಲ್ಲಿ, ಹತ್ತಿಯಿಂದ ಸವರಿ ಸ್ಪರ್ಶ ಕಡಿಮೆ ಇದೆ ಎಂದು ಬರೆದಿಟ್ಟಿದ್ದಾರೆ. ಕಂಕುಳಿನ ಆಕ್ಸಿಲರಿ ನರಕ್ಕೆ ಪೆಟ್ಟಾದರೆ ಮರಗಟ್ಟುವುದು ಅಲ್ಲಿ. ಮೊದಲೇ ಬರೆದಿಡದಿದ್ದರೆ, ಆ ಜೋಮು ಬಿದ್ದದ್ದರಿಂದಲೋ ಎಳೆದದ್ದರಿಂದಲೋ ಎಂದು ಆಮೇಲೆ ಯಾರೂ ಹೇಳಲಾರರು. ಬೆರಳುಗಳ ಚಲನೆ, ಮಣಿಕಟ್ಟಿನ ನಾಡಿ ಸರಿ ಇದ್ದವು.

ಎಕ್ಸ್‌ರೇ ಎರಡು ಕೋನದಿಂದ. ಗುಂಡು ಮುಂದಕ್ಕೆ ಜಾರಿ ಹೆಗಲಮೂಳೆಯ ಕೊಕ್ಕಿನ ಕೆಳಗೆ ಕೂತಿತ್ತು, ಮೂಳೆ ಎಲ್ಲೂ ಮುರಿದಿರಲಿಲ್ಲ.

ಕೂರಿಸುವ ವಿಧಾನಗಳು ಬಹಳ. ಸ್ವಿಸ್ ಸರ್ಜನ್ ಕೊಹರ್ 1870ರಲ್ಲಿ ವಿವರಿಸಿದ ತಿರುಗಿಸುವ ಕ್ರಮ ಈಗಲೂ ಬಳಕೆಯಲ್ಲಿದೆ. ಈ ಮನುಷ್ಯನಿಗೆ 1909ರಲ್ಲಿ ನೊಬೆಲ್ ಬಂದದ್ದು ಥೈರಾಯ್ಡ್ ಕೆಲಸಕ್ಕೆ, ಮೂಳೆಯವರು ಮಾತ್ರ ನೆನೆಯುವುದು ಹೆಗಲಿಗೆ. ಸ್ಟಿಮ್ಸನ್ 1900ರಲ್ಲಿ ಹೇಳಿದ್ದು ರೋಗಿಯನ್ನು ಕವುಚಿ ಮಲಗಿಸಿ, ಇಳಿಬಿಟ್ಟ ಕೈಗೆ ಭಾರ ಕಟ್ಟಿ ಕಾಯುವ ದಾರಿ. ಇಲ್ಲಿ ಡಾಕ್ಟರು ಆರಿಸಿದ್ದು ಗ್ರೀಸಿನ ವೈದ್ಯರು 2009ರಲ್ಲಿ ಪ್ರಕಟಿಸಿದ, ಫೇರ್ಸ್ ಎಂದು ಕರೆಯುವ ಕ್ರಮ. ಮೊದಲು ಕೀಲಿನೊಳಕ್ಕೆ ನೋವು ಮರೆಸುವ ಲಿಗ್ನೊಕೇನ್ ಇಂಜೆಕ್ಷನ್. ಪೂರ್ತಿ ನಿದ್ದೆ ಬರಿಸಬೇಕಾಗಿ ಬರಲಿಲ್ಲ. ರಾಜೇಶ ಅಂಗಾತ ಮಲಗಿದ್ದ. ಮಣಿಕಟ್ಟನ್ನು ಹಿಡಿದು ಕೈಯನ್ನು ಉದ್ದಕ್ಕೆ ಮೆಲ್ಲ ಎಳೆಯುತ್ತ, ಮೇಲಕ್ಕೂ ಕೆಳಕ್ಕೂ ಸಣ್ಣಗೆ ಅಲುಗಿಸುತ್ತ, ಸ್ವಲ್ಪ ಸ್ವಲ್ಪವೇ ಪಕ್ಕಕ್ಕೆ ತೆರೆದರು. ಕೈ ಮೈಗೆ ಲಂಬವಾದ ಮೇಲೆ ಅಂಗೈ ಮೇಲ್ಮುಖವಾಗುವಂತೆ ಹೊರಕ್ಕೆ ತಿರುಗಿಸಿ ಇನ್ನಷ್ಟು ತೆರೆದರು. ಟಕ್ ಎಂದಿತು. ಕಂಕುಳಿಗೆ ಕಾಲಿಲ್ಲ, ಇಬ್ಬರು ಮೂವರು ಹಿಡಿದೆಳೆಯುವುದಿಲ್ಲ. ಅಲುಗಾಟ ಸ್ನಾಯುಗಳ ಬಿಗಿತವನ್ನು ಬಿಡಿಸುತ್ತದೆ, ಬಿಗಿತ ಬಿಟ್ಟರೆ ಗುಂಡು ತಾನಾಗಿ ದಾರಿ ಕಂಡುಕೊಳ್ಳುತ್ತದೆ. ಮತ್ತೆ ಎಕ್ಸ್‌ರೇ ತೆಗೆದು, ನರವನ್ನು ಮತ್ತೆ ಪರೀಕ್ಷಿಸಿ, ಕೈಯನ್ನು ಕುತ್ತಿಗೆಗೆ ತೂಗುಹಾಕುವ ಜೋಳಿಗೆ (ಸ್ಲಿಂಗ್) ಹಾಕಿ ಸಂಜೆಗೆ ಮನೆಗೆ ಕಳಿಸಿದರು.

ಮನೆಯವರ ಮಟ್ಟಿಗೆ ಅಲ್ಲಿಗೆ ಚಿಕಿತ್ಸೆ ಮುಗಿದಿತ್ತು. ನಿಜವಾದ ತೊಡಕುಗಳೆಲ್ಲ ಶುರುವಾದದ್ದು ಆಮೇಲೆ.

ಜೋಳಿಗೆಯ ದಿನಗಳು

ಆಸ್ಪತ್ರೆಯಿಂದ ಒಂದು ವ್ಯಾಯಾಮದ ಹಾಳೆ ಕೊಟ್ಟಿದ್ದರು. ಚಿತ್ರಗಳು ಒಳ್ಳೆಯವು, ಸೂಚನೆಗಳು ಮಲಯಾಳದಲ್ಲಿ. ನರ್ಸ್ ಬಾಯಲ್ಲಿ ಹೇಳಿದ್ದನ್ನು ರಾಜೇಶ ಪೂರ್ತಿ ಅರ್ಥಮಾಡಿಕೊಂಡಿದ್ದ, ಮನೆಗೆ ಬರುವಾಗ ಅರ್ಧ ಮರೆತಿದ್ದ. ಹೆಂಡತಿ ಕರ್ನಾಟಕದ ವಿಟ್ಲದ ಕಡೆಯವಳು, ಅವಳಿಗೂ ಆ ಲಿಪಿ ಬಾರದು. ಚಿತ್ರ ನೋಡಿ ಇಬ್ಬರೂ ಸೇರಿ ಊಹೆ ಮಾಡಿದರು. ಆರನೆಯ ವಾರಕ್ಕೆಂದು ಕೊಟ್ಟ ಚಿತ್ರ, ಅಂದರೆ ಕೈಯನ್ನು ಗೋಡೆಯ ಮೇಲೆ ಹತ್ತಿಸಿ ಹೊರಕ್ಕೆ ತಿರುಗಿಸುವುದು, ಮೊದಲ ವಾರವೇ ನಡೆಯುತ್ತಿತ್ತು. ನೋವಾದರೂ ಹಲ್ಲುಕಚ್ಚಿ ಮಾಡುತ್ತಿದ್ದ, ವ್ಯಾಯಾಮ ಅಂದರೆ ನೋಯಬೇಕು ಎಂಬ ಕಬಡ್ಡಿ ಅಂಗಳದ ನಂಬಿಕೆ.

ಇನ್ನೊಂದು ಕಡೆಯಿಂದ ಮಾವ ಎಣ್ಣೆ ತಿಕ್ಕಿಸಲು ಹೊರಡಿಸಿದರು. ನಮ್ಮ ಜಿಲ್ಲೆಯಲ್ಲಿ ಕಳರಿಯ (ಕೇರಳದ ಸಾಂಪ್ರದಾಯಿಕ ಕಾಳಗದ ಕಲೆಯ) ಗುರುಕ್ಕಳ್‌ಗಳ, ಅಂದರೆ ಗುರುಗಳ, ಬಳಿ ಉಳುಕು, ಪೆಟ್ಟಿಗೆ ತಿಕ್ಕಿಸಿಕೊಳ್ಳುವುದು ಹೊಸತಲ್ಲ. ಇಂಥಲ್ಲಿ ಹೋಗಿ ಕೆಡಿಸಿಕೊಂಡು ಬಂದವರ ಕಥೆ ಹೇಳುವುದು ನನ್ನ ವೃತ್ತಿಯವರಿಗೆ ಇಷ್ಟ. ಈ ಪ್ರಕರಣದಲ್ಲಿ ನಡೆದದ್ದು ಬೇರೆ. ವಯಸ್ಸಾದ ಗುರುಕ್ಕಳ್ ಹೆಗಲಿನ ಮುಂಭಾಗ ಒತ್ತಿ ನೋಡಿ, ಎಂದು ಬಿದ್ದದ್ದು ಎಂದು ಕೇಳಿ, "ಒಳಗಿನ ಕಟ್ಟು ಹರಿದಿದೆ, ಅದು ಕೂಡುವ ತನಕ ನಾನು ಮುಟ್ಟುವುದಿಲ್ಲ, ಯಾರಿಗೂ ಮುಟ್ಟಲು ಬಿಡಬೇಡ. ಯಾರಾದರೂ ವ್ಯಾಯಾಮ ಮಾಡಿಸುವವರಿಗೆ ತೋರಿಸು" ಅಂದರಂತೆ. ಅವರ ಆ ಮಾತಿನಿಂದಲೇ ರಾಜೇಶ ಎರಡನೆಯ ವಾರ ನನ್ನ ಕೋಣೆಗೆ ಬಂದದ್ದು.

ಹಾಳೆಯನ್ನು ಪಕ್ಕಕ್ಕಿಟ್ಟು, ಅವನ ಫೋನಿನಲ್ಲೇ ಅವನ ಹೆಂಡತಿ ವಿಡಿಯೋ ಹಿಡಿಯುವಂತೆ ಪ್ರತಿ ಚಲನೆ ಮಾಡಿಸಿ, ಬಾಯಲ್ಲಿ ತುಳುವಿನಲ್ಲೇ ಲೆಕ್ಕ ಹೇಳಿಸಿದೆ. ಯಾವುದನ್ನು ಮಾಡಬಾರದು ಎಂಬ ವಿಡಿಯೋ ಬೇರೆ. ನನ್ನ ಅಂದಾಜಿನಲ್ಲಿ ಅದೇ ಹೆಚ್ಚು ಉಪಯೋಗಕ್ಕೆ ಬಂದದ್ದು.

ಜೋಳಿಗೆ ಎಷ್ಟು ದಿನ ಎಂಬುದಕ್ಕೆ ಒಮ್ಮತವಿಲ್ಲ. ಉದ್ದಕ್ಕೆ ಕಟ್ಟಿಟ್ಟರೆ ಹರಿದದ್ದು ಗಟ್ಟಿಯಾಗಿ ಕೂಡುತ್ತದೆ ಎಂಬುದು ಹಳೆಯ ಎಣಿಕೆ. ಸ್ವೀಡನ್ನಿನಲ್ಲಿ 1978–79ರಲ್ಲಿ ಹೆಗಲು ತಪ್ಪಿದ, 40 ದಾಟದವರನ್ನು 25 ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನವೊಂದಿದೆ. ಮೂರ್ನಾಲ್ಕು ವಾರ ಕಟ್ಟಿದವರಿಗೂ ಬೇಗ ಬಿಚ್ಚಿದವರಿಗೂ ಮತ್ತೆ ತಪ್ಪುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೆಗಲು ಮತ್ತೆ ತಪ್ಪಲೇ ಇಲ್ಲ, ಇಲ್ಲವೇ ಒಂದೇ ಸಲ ತಪ್ಪಿತು. ಮತ್ತೆ ಮತ್ತೆ ತಪ್ಪುವುದು ಎಳೆಯ ವಯಸ್ಸಿನವರಲ್ಲಿ ಹೆಚ್ಚು, ಮೂವತ್ತು ದಾಟಿದವರಲ್ಲಿ ಕಡಿಮೆ. ಜಪಾನಿನವರು 2003ರಲ್ಲಿ ಕೈಯನ್ನು ಹೊರಕ್ಕೆ ತಿರುಗಿಸಿ ಕಟ್ಟುವುದು ಮೇಲು ಎಂದರು, ಆಮೇಲಿನ ಅಧ್ಯಯನಗಳು ಒಂದಕ್ಕೊಂದು ಹೊಂದಲಿಲ್ಲ. ಮೂಳೆ ಡಾಕ್ಟರೊಂದಿಗೆ ಮಾತಾಡಿ ನಾವು ಮೂರು ವಾರಕ್ಕೆ ನಿಲ್ಲಿಸಿದೆವು. ರಾಜೇಶನ ಮಟ್ಟಿಗೆ ಜೋಳಿಗೆಗೆ ಇನ್ನೊಂದು ಕೆಲಸವೂ ಇತ್ತು: ಅದನ್ನು ನೋಡಿದವರು ಅವನನ್ನು ಕೆಲಸಕ್ಕೆ ಕರೆಯುತ್ತಿರಲಿಲ್ಲ.

ಆ ಮೂರು ವಾರ ಬೆರಳು, ಮಣಿಕಟ್ಟು, ಮೊಣಕೈ ಆಡಿಸುವುದು, ಹೆಗಲಮೂಳೆಗಳನ್ನು ಹಿಂದಕ್ಕೆ ಒತ್ತುವುದು, ಕೀಲು ಅಲುಗದಂತೆ ಗೋಡೆಗೆ ಕೈ ಒತ್ತಿ ಹಿಡಿಯುವುದು. ಜೋಮು ಮೂರನೆಯ ವಾರದ ಕೊನೆಗೆ ಕಡಿಮೆಯಾಗುತ್ತ ಬಂತು. ಕಡಿಮೆಯಾಗದೇ ಹೋಗಿದ್ದರೆ ನರದ ಪರೀಕ್ಷೆಗೆ ಕಳಿಸುವುದೆಂದು ಮೊದಲೇ ಗೊತ್ತುಮಾಡಿಕೊಂಡಿದ್ದೆವು.

ಕಿಟಕಿಯ ಸರಳು, ಸೈಕಲ್ ಟ್ಯೂಬು

ನಾಲ್ಕನೆಯ ವಾರದಿಂದ ಜೋಳಿಗೆ ಬಿಚ್ಚಿ ಚಲನೆ. ಮುಂದಕ್ಕೆ ಎತ್ತುವುದು ಆದಷ್ಟು. ಹೊರಕ್ಕೆ ತಿರುಗಿಸುವುದು ಮಿತಿಯಲ್ಲಿ. ಪಕ್ಕಕ್ಕೆ ಎತ್ತಿ ಹೊರಕ್ಕೆ ತಿರುಗಿಸುವ ಎರಡನ್ನೂ ಒಟ್ಟಿಗೆ ಮಾಡುವುದು ನಿಷೇಧ. ಅಂಗಿ ತೊಡುವಾಗ ಮೊದಲು ಬಲಗೈ, ಕಳಚುವಾಗ ಕೊನೆಗೆ ಬಲಗೈ. ಮಲಗುವಾಗ ತಲೆಯ ಕೆಳಗೆ ಕೈ ಇಡುವ ಅಭ್ಯಾಸ ಬಿಡಬೇಕು. ಇದು ಅವನಿಗೆ ಅತಿ ಕಷ್ಟವಾದದ್ದು. ಹೆಂಡತಿ ರಾತ್ರಿ ಎದ್ದು ಕೈ ಇಳಿಸುತ್ತಿದ್ದಳಂತೆ.

ಏಳನೆಯ ವಾರದಿಂದ ಬಲ. ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಕಿಟಕಿಯ ಸರಳಿಗೆ ಕಟ್ಟಿ, ಮೊಣಕೈಯನ್ನು ಪಕ್ಕೆಗೆ ಅಂಟಿಸಿ, ನಡುವೆ ಬೈರಾಸನ್ನು ಸುರುಳಿ ಮಾಡಿ ಇಟ್ಟು, ಟ್ಯೂಬನ್ನು ಹೊರಕ್ಕೂ ಒಳಕ್ಕೂ ಎಳೆಯುವುದು. ಸುರುಳಿ ಕೆಳಗೆ ಬಿದ್ದರೆ ಎಳೆದದ್ದು ಲೆಕ್ಕಕ್ಕಿಲ್ಲ. ಬಟ್ಟಲಿನ ಮುಂದಿನ ಅಂಚು ಹರಿದವನಿಗೆ ಗುಂಡನ್ನು ಹಿಂದಕ್ಕೆ ಹಿಡಿದಿಡಬೇಕಾದವು ಆ ನಾಲ್ಕು ಸಣ್ಣ ಸ್ನಾಯುಗಳೇ. ತೋಳಿನ ದೊಡ್ಡ ಸ್ನಾಯುಗಳು ರಾಜೇಶನಿಗೆ ಮೊದಲೇ ಕಲ್ಲಿನಂತಿದ್ದವು, ಅವುಗಳ ಬಲದಿಂದ ಹೆಗಲು ನಿಲ್ಲುವುದಿಲ್ಲ ಎಂದು ಅವನಿಗೆ ಒಪ್ಪಿಸುವುದೇ ಒಂದು ದೊಡ್ಡ ಕೆಲಸವಾಯಿತು. "ಇಷ್ಟು ಸಣ್ಣ ವ್ಯಾಯಾಮ ಮಾಡ್ಲಿಕ್ಕೆ ನಾಚಿಕೆ ಆಗ್ತದೆ ಡಾಕ್ಟ್ರೇ" ಎಂದ. ಹದಿನೈದು ಸಲ ಎಳೆದ ಮೇಲೆ ಕೈ ನಡುಗಲು ಶುರುವಾಯಿತು, ಮಾತು ನಿಂತಿತು.

ಹೊಟ್ಟೆಪಾಡಿನ ಪ್ರಶ್ನೆಯೂ ಇತ್ತು. ಮೈ ಬಗ್ಗಿಸಿ ದುಡಿಯುವವನಿಗೆ ಮೂರು ತಿಂಗಳು ರಜೆ ಬರೆದುಕೊಡುವುದು ಸುಲಭ. ರಜೆಗೆ ಸಂಬಳ ಕೊಡುವವರಿಲ್ಲ. ಹಾಗಾಗಿ ಯಾವ ಕೆಲಸ ಯಾವಾಗ ಎಂದು ಹೆಗಲಿನ ಕೋನ ನೋಡಿ ವಿಂಗಡಿಸಿದೆವು. ಒಣ ಅಡಿಕೆ ಸುಲಿಯುವುದು ಎರಡೂ ಕೈ ಎದೆಯ ಮುಂದೆ ಇಟ್ಟು ಮಾಡುವ ಕೆಲಸ. ಏಳನೆಯ ವಾರದಿಂದ ಅಡ್ಡಿಯಿಲ್ಲ. ಮಳೆಗಾಲದಲ್ಲಿ ಅಂಗಳದ ಬದಿಯಲ್ಲಿ ಕೂತು ಸುಲಿಯುವುದು ಇದ್ದೇ ಇರುತ್ತದೆ. ತಲೆಹೊರೆ ಬೇಡ. ಎರಡನೆಯ ಸುತ್ತು ಮದ್ದಿಗೆ ಕೆಳಗೆ ನಿಂತು ದ್ರಾವಣ ಕಲಸುವುದು ಸರಿ, ಪಂಪಿನ ಹಗ್ಗ ಎಳೆದು ಸ್ಟಾರ್ಟ್ ಮಾಡುವುದು ಎಡಗೈಯಿಂದ ಅಥವಾ ಬೇರೆಯವರಿಂದ. ಆ ಹಗ್ಗದ ಜಗ್ಗಾಟ ನನಗೆ ಹೊಳೆದೇ ಇರಲಿಲ್ಲ, ಹೇಳಿದವನು ಅವನೇ.

ಬಸ್ಸಿನ ಕಂಬಿ

ನಾಲ್ಕನೆಯ ತಿಂಗಳು. ಚಲನೆ ಬಹುಪಾಲು ಬಂದಿತ್ತು, ನೋವಿರಲಿಲ್ಲ. ಪೇಟೆಗೆ ಹೋಗುವ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತಿದ್ದಾಗ ಡ್ರೈವರ್ ಬ್ರೇಕ್ ಹಾಕಿದ. ಮೈ ಮುಂದೆ ಹೋಯಿತು, ಕೈ ಹಿಂದೆ ಉಳಿಯಿತು. ಹೆಗಲು ಜಾರಿ ತಾನೇ ಕೂತಂತಾಯಿತು. ಕೂತಾದ ಮೇಲೆ ನೋವೂ ಹೆಚ್ಚಿರಲಿಲ್ಲ, ಹೆದರಿಕೆ ಮಾತ್ರ ಉಳಿಯಿತು. ಮರುದಿನ ಬಂದಾಗ ಅಂಗಾತ ಮಲಗಿಸಿ, ಕೈಯನ್ನು ಪಕ್ಕಕ್ಕೆ ತೆರೆದು ಹೊರಕ್ಕೆ ತಿರುಗಿಸಲು ಹೊರಟೆ. ಅರ್ಧ ದಾರಿಯಲ್ಲೇ ಎಡಗೈ ಬಂದು ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಿತು. ಇದಕ್ಕೆ ಹೆದರಿಕೆಯ ಪರೀಕ್ಷೆ ಎನ್ನುವುದು, ಆ ಹಿಡಿತವೇ ಅದರ ಫಲಿತಾಂಶ.

ಮಂಗಳೂರಿನಲ್ಲಿ ಎಂಆರ್‌ಐ ಆಯಿತು. ಬಟ್ಟಲಿನ ಮುಂದಿನ ಅಂಚಿನ ಬಳೆ ಕಿತ್ತಿತ್ತು. ಇಂಗ್ಲೆಂಡಿನ ಸರ್ಜನ್ ಬ್ಯಾಂಕರ್ಟ್ 1923ರಲ್ಲಿ ವಿವರಿಸಿದ ಗಾಯ, ಅವನ ಹೆಸರೇ ನಿಂತಿದೆ. ಗುಂಡಿನ ಹಿಂಬದಿಯಲ್ಲಿ, ತಪ್ಪಿದಾಗ ಬಟ್ಟಲಿನ ಅಂಚಿಗೆ ಒತ್ತಿ ಆದ ಸಣ್ಣ ತಗ್ಗು. ಅದು ಹಿಲ್ ಮತ್ತು ಸ್ಯಾಕ್ಸ್ ಎಂಬ ಇಬ್ಬರು ರೇಡಿಯಾಲಜಿಸ್ಟರು 1940ರಲ್ಲಿ ಬರೆದದ್ದು. ಬಟ್ಟಲಿನ ಮೂಳೆ ಸವೆದಿರಲಿಲ್ಲ. ರೊಟೇಟರ್ ಕಫ್ ಹರಿದಿರಲಿಲ್ಲ. ನಲ್ವತ್ತು ದಾಟಿದವರಲ್ಲಿ ಮತ್ತೆ ತಪ್ಪುವುದಕ್ಕಿಂತ ಈ ಕಫ್ ಹರಿಯುವುದೇ ದೊಡ್ಡ ತೊಂದರೆ. ವಯಸ್ಸಾದವರ ಹೆಗಲು ಕೂರಿಸಿದ ಮೇಲೂ ಕೈ ಎತ್ತಲಾಗದಿದ್ದರೆ ಅದನ್ನು ಮೊದಲು ಶಂಕಿಸಬೇಕು.

ಮೂಳೆ ಸರ್ಜನ್ ಸ್ಪಷ್ಟವಾಗಿ ಮಾತಾಡಿದರು. ಇಪ್ಪತ್ತರ ಹುಡುಗ, ಕಬಡ್ಡಿ ಬಿಡದವನು ಆಗಿದ್ದರೆ ಈಗಲೇ ಹೊಲಿಗೆ ಹಾಕಿಸು ಅನ್ನುತ್ತಿದ್ದೆ. ಆ ವಯಸ್ಸಿನಲ್ಲಿ ಮತ್ತೆ ತಪ್ಪುವ ಸಂಭವ ತಪ್ಪದಿರುವುದಕ್ಕಿಂತ ಬಹಳ ಹೆಚ್ಚು. 32ಕ್ಕೆ, ಮೂಳೆ ಸವೆಯದೆ ಇರುವಾಗ, ಪೂರ್ತಿ ತಪ್ಪಿದ್ದು ಒಂದೇ ಸಲ ಇರುವಾಗ, ಎರಡು ದಾರಿಯೂ ತೆರೆದಿದೆ. ಆದರೆ ಇನ್ನೊಂದು ಸಲ ಪೂರ್ತಿ ತಪ್ಪಿದರೆ ಕಾಯುವುದು ಬೇಡ. ಪ್ರತಿ ಸಲ ತಪ್ಪಿದಾಗಲೂ ಬಟ್ಟಲಿನ ಅಂಚು ಸವೆಯುತ್ತದೆ, ಸವೆದ ಮೇಲೆ ಬರಿ ಹೊಲಿಗೆ ಸಾಲದು, ಮೂಳೆಯ ತುಂಡನ್ನೇ ಕೂರಿಸುವ ದೊಡ್ಡ ಆಪರೇಷನ್ ಬೇಕಾಗುತ್ತದೆ.

ರಾಜೇಶ ಕೇಳಿದ್ದು ಒಂದೇ ಪ್ರಶ್ನೆ. "ಆಪರೇಷನ್ ಮಾಡಿಸಿದ್ರೆ ಮೊದಲಿನ ಹಾಗೆ ಮರ ಹಾಯಬಹುದಾ?"

ಸರ್ಜನ್ ತಲೆಯಾಡಿಸಲಿಲ್ಲ. ಹತ್ತಬಹುದು, ಹಾಯುವುದಕ್ಕೆ ನಾನು ಗ್ಯಾರಂಟಿ ಕೊಡುವುದಿಲ್ಲ ಅಂದರು.

ಈ ಪ್ರಕರಣದ ತಿರುವು ಇದೇ ಎಂದು ನನಗನಿಸುತ್ತದೆ. ಅಲ್ಲಿಯ ತನಕ ಮನೆಯಲ್ಲಿ ನಡೆದಿದ್ದ ಚರ್ಚೆಯೆಲ್ಲ ಆಪರೇಷನ್ ಬೇಕೋ ಬೇಡವೋ ಎಂಬುದರ ಸುತ್ತ. ಬೇಕು ಎಂದರೂ ಬೇಡ ಎಂದರೂ ಮರದ ಪ್ರಶ್ನೆ ಹಾಗೆಯೇ ಉಳಿಯುತ್ತಿತ್ತು. ಕಬಡ್ಡಿಯಲ್ಲಿ ಹೆಗಲು ಜಾರಿದರೆ ಅಂಗಳದಲ್ಲಿ ಬೀಳುತ್ತಾನೆ, ಐವತ್ತಡಿ ಮೇಲೆ ಜಾರಿದರೆ ಕೀಲಿನ ಚರ್ಚೆಗೆ ಆಳು ಉಳಿಯುವುದಿಲ್ಲ. ಯಾವ ಚಿಕಿತ್ಸೆ ಎಂದು ತೀರ್ಮಾನಿಸುವ ಮೊದಲು ಯಾವ ಕೆಲಸ ಎಂದು ತೀರ್ಮಾನಿಸಬೇಕಿತ್ತು. ಅವನು ಮರ ಬಿಡುತ್ತೇನೆ, ದೋಟಿ (ಕೆಳಗಿನಿಂದ ಗೊನೆ ಕೊಯ್ಯುವ ಉದ್ದ ಕೋಲು) ಹಿಡಿಯುತ್ತೇನೆ ಅಂದ ಮೇಲೆ ಆಪರೇಷನ್ ಇಲ್ಲದೆ ಮುಂದುವರಿಯುವುದಕ್ಕೆ ಅರ್ಥ ಬಂತು. ಹೊಲಿಗೆ ಹಾಕಿಸಿದರೆ ಮತ್ತೆ ನಾಲ್ಕಾರು ತಿಂಗಳು ಭಾರದ ಕೆಲಸ ಇಲ್ಲ, ಆ ವರ್ಷದ ಕೊಯ್ಲು ಪೂರ್ತಿ ಕೈಬಿಡುತ್ತಿತ್ತು ಎಂಬುದೂ ಅವನ ಲೆಕ್ಕದಲ್ಲಿತ್ತು.

ದೋಟಿ ವಾಲಿದಾಗ

ಕಾರ್ಬನ್ ಫೈಬರಿನ ಉದ್ದ ದೋಟಿ ಬಂದ ಮೇಲೆ ನೆಲದಲ್ಲಿ ನಿಂತೇ ಕೊಯ್ಯುವುದು, ಮದ್ದು ಬಿಡುವುದು ನಮ್ಮ ತೋಟಗಳಲ್ಲಿ ಹಬ್ಬುತ್ತಿದೆ. ಮರ ಹತ್ತುವವರು ಸಿಗದಿರುವುದೇ ಕಾರಣ. ನೋಡಲು ಹೆಗಲಿಗೆ ಹಗುರದ ಕೆಲಸ. ಎರಡೂ ಕೈ ಮೈಯ ಮುಂದೆ, ಬಹುಪಾಲು ಎದೆಯ ಎತ್ತರದಲ್ಲಿ. ನೋಯುವುದು ಮೇಲೆ ನೋಡಿ ನೋಡಿ ಕುತ್ತಿಗೆ.

ಕೆಲಸ ಮಾಡುವುದನ್ನು ನೋಡಲೆಂದು ತೋಟಕ್ಕೇ ಹೋದೆ. ಗೊನೆ ಕತ್ತರಿಸುವಾಗ ಏನೂ ತೊಂದರೆಯಿಲ್ಲ. ಒಂದು ಮರದಿಂದ ಇನ್ನೊಂದಕ್ಕೆ ದೋಟಿಯನ್ನು ನಿಲ್ಲಿಸಿಯೇ ಸಾಗಿಸುವಾಗ ತುದಿ ಸೋಗೆಗೆ ತಗಲಿ ದೋಟಿ ಅವನ ಬೆನ್ನ ಹಿಂದಕ್ಕೆ ವಾಲಿತು. ಕೂಡಲೇ ಬಲಗೈ ಅದನ್ನು ಹಿಡಿಯಲು ಮೇಲಕ್ಕೆ, ಹಿಂದಕ್ಕೆ ಹೋಯಿತು. ಅದೇ ಭಂಗಿ. ದೋಟಿ ಉಳಿಯಿತು, ಹೆಗಲೂ ಉಳಿಯಿತು, ಆದರೆ ಅವನ ಮುಖ ಬಿಳಿಚಿಕೊಂಡಿತ್ತು.

ವಾಲಿದರೆ ಬಿಟ್ಟುಬಿಡು ಎಂದೆ.

"ಬಿಡುದು ಹೇಗೆ? ಕಲ್ಲಿಗೆ ಬಿದ್ರೆ ಬಿರುಕು ಬಿಡ್ತದೆ. ಹತ್ತಾರು ಸಾವಿರದ ದೋಟಿ, ನನ್ನದಲ್ಲ."

ಬಿಡುವ ಅಭ್ಯಾಸವನ್ನು ವ್ಯಾಯಾಮದಲ್ಲಿ ಕಲಿಸಬಹುದು, ಆದರೆ ದೋಟಿ ಯಾರದ್ದು ಎಂಬ ಭಯವನ್ನು ಟ್ಯೂಬಿನಿಂದ ತೆಗೆಯಲಾಗುವುದಿಲ್ಲ. ಯಜಮಾನರ ಜಗಲಿಯಲ್ಲಿ ಕೂತು ಮೂವರೂ ಮಾತಾಡಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮುರಿದ್ರೆ ನನ್ನ ಲೆಕ್ಕ. ಒಂದು ಮುರಿದ್ರೆ ಬೈಯುದಿಲ್ಲ, ಎರಡು ಮುರಿದ್ರೆ ಬೈತೇನೆ, ದುಡ್ಡು ಮಾತ್ರ ಹಿಡಿಯುದಿಲ್ಲ" ಅಂದರು. ಇನ್ನೊಂದು ಮಾತನ್ನೂ ಅವರೇ ಸೇರಿಸಿದರು: ಮರದಿಂದ ಮರಕ್ಕೆ ಹೋಗುವಾಗ ದೋಟಿಯನ್ನು ಮಡಚಿ ಇಳಿಸಿಯೇ ಸಾಗಿಸಬೇಕು, ದಿನಕ್ಕೆ ಮರ ಕಡಿಮೆ ಆದರೂ ಅಡ್ಡಿಯಿಲ್ಲ. ಚೀಟಿಯಲ್ಲಿ ಬರೆದದ್ದಲ್ಲ, ಬಾಯಿಮಾತು. ಆದರೆ ಆ ಜಗಲಿಯ ಮಾತು ನಾನು ಮಾಡಿಸಿದ ಯಾವ ವ್ಯಾಯಾಮಕ್ಕಿಂತಲೂ ಕಡಿಮೆ ಚಿಕಿತ್ಸೆ ಎಂದು ನನಗೆ ಅನಿಸಿಲ್ಲ.

ಬಿಡುವುದರ ಅಭ್ಯಾಸವನ್ನೂ ಮಾಡಿಸಿದೆವು. ಬಿದಿರಿನ ಗಳವನ್ನು ನಿಲ್ಲಿಸಿ ಹಿಡಿದು, ಹಿಂದಿನಿಂದ ಒಬ್ಬ ಹೇಳದೆ ಕೇಳದೆ ಎಳೆದಾಗ ಕೈ ಬಿಟ್ಟು ಒಂದು ಹೆಜ್ಜೆ ಪಕ್ಕಕ್ಕೆ ಸರಿಯುವುದು. ಹಿಡಿಯುವುದೇ ಕಸುಬಾದವನಿಗೆ ಬಿಡುವುದು ಕಲಿಯಲು ವಾರಗಳೇ ಬೇಕಾದವು. ಜೊತೆಗೆ ಗೋಡೆಗೆ ಮಗನ ಚೆಂಡನ್ನು ಅಂಗೈಯಲ್ಲಿ ಒತ್ತಿ ಉರುಳಿಸುವುದು, ಅಂಬೆಗಾಲಿನಲ್ಲಿ ನಿಂತು ಭಾರವನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸುವುದು. ಕೀಲು ಎಲ್ಲಿದೆ ಎಂಬ ಅರಿವು ಮರಳಿ ಬರಲು ಇವು.

ಈಗಿನ ಸ್ಥಿತಿ

ಬಿದ್ದು ವರ್ಷ ಕಳೆದಿದೆ. ಪೂರ್ತಿ ತಪ್ಪಿದ್ದು ಮತ್ತೆ ಇಲ್ಲ. ಬಸ್ಸಿನ ಘಟನೆಯ ಬಳಿಕ ಜಾರಿದ್ದೂ ಇಲ್ಲ. ಹೊರಕ್ಕೆ ತಿರುಗಿಸುವುದು ಎಡಗೈಗಿಂತ ಸ್ವಲ್ಪ ಕಡಿಮೆ ಇದೆ, ಅದನ್ನು 'ಸರಿಮಾಡಲು' ನಾನು ಹೋಗಿಲ್ಲ. ಆ ಬಿಗಿತ ಅವನಿಗೆ ರಕ್ಷಣೆಯೇ. ತೋಳಿನ ಜೋಮು ಪೂರ್ತಿ ಹೋಗಿದೆ. ಹೆದರಿಕೆಯ ಪರೀಕ್ಷೆಯಲ್ಲಿ ಎಡಗೈ ಈಗ ನನ್ನ ಮಣಿಕಟ್ಟಿನ ಹತ್ತಿರ ಬರುತ್ತದೆ, ಹಿಡಿಯುವುದಿಲ್ಲ. ಕಬಡ್ಡಿ ಬಿಟ್ಟಿದ್ದಾನೆ, ಬಾಯಿಂದ ಹೇಳುವುದು ಮಾತ್ರ "ಈ ವರ್ಷ ಆಡುದಿಲ್ಲ" ಎಂದು. ದೋಟಿ ಒಂದು ಮುರಿಯಿತು, ಯಜಮಾನರು ಬೈಯಲಿಲ್ಲ. ದೋಟಿ ಎಟುಕದ ಹಳೆಯ ಮರಗಳಿಗೆ ಬೇರೆ ಆಳು ಬರುತ್ತಾನೆ, ಅದಕ್ಕೆ ರಾಜೇಶನ ಕೂಲಿಯಲ್ಲಿ ಒಂದಿಷ್ಟು ಕಡಿತವಾಗಿದೆ. ಮನೆಯವಳಿಗೆ ಆ ಬೇಸರ ಇದೆ, ಇರುವುದು ಸಹಜ.

ಮಂಗಳೂರಿನ ಸರ್ಜನ್ ಒಪ್ಪಿದವರಲ್ಲ. ಅವರ ಪ್ರಕಾರ ಕಿತ್ತ ಅಂಚು ಕಿತ್ತೇ ಇದೆ, ವಯಸ್ಸಿರುವಾಗ ಹೊಲಿಯುವುದು ಮೇಲಿತ್ತು, ಇಷ್ಟು ಎಚ್ಚರದಲ್ಲಿ ಬದುಕನ್ನು ಎಷ್ಟು ಕಾಲ ನಡೆಸುತ್ತಾನೆ? ಅವರ ಪ್ರಶ್ನೆಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ನಾವಿಬ್ಬರೂ ಒಪ್ಪಿರುವುದು ಇಷ್ಟಕ್ಕೆ: ಇನ್ನೊಮ್ಮೆ ಪೂರ್ತಿ ತಪ್ಪಿದರೆ, ಅಥವಾ ನಿದ್ದೆಯಲ್ಲಿ ಮಗ್ಗುಲಾಗುವಾಗಲೂ ಜಾರತೊಡಗಿದರೆ, ಅಥವಾ ಅವನು ಮತ್ತೆ ಮರ ಹತ್ತಲೇಬೇಕೆಂದರೆ, ಅಲ್ಲಿಗೆ ಈ ದಾರಿ ಮುಗಿಯಿತು, ನೇರ ಸರ್ಜನ್ ಬಳಿಗೆ. ಈ ಮೂರನ್ನೂ ಕನ್ನಡದಲ್ಲಿ ಬರೆದು, ಎಕ್ಸ್‌ರೇ ಮತ್ತು ಎಂಆರ್‌ಐ ಚೀಟಿಗಳ ಫೋಟೋ ಜೊತೆಗೆ ಅವನ ಮತ್ತು ಹೆಂಡತಿಯ ಫೋನಿನಲ್ಲಿ ಇಟ್ಟಿದ್ದೇವೆ. ಮುಂದಿನ ತಪಾಸಣೆ ಮೊದಲ ಮದ್ದಿಗೆ ಒಂದು ವಾರ ಮೊದಲು.